ಲೆಕ್ಕಕ್ಕಿದ್ದ, ಆಟಕ್ಕಿರಲಿಲ್ಲ

ಶಿಷ್ಯೆ: 'ಕ್ರೋ ಬಾಯ್' ಪುಸ್ತಕ ಓದಿದಿರಾ ಮೇಷ್ಟ್ರೇ?

ಮೇಷ್ಟ್ರು: ಮೂರು ಸಲ ಓದಿದೆ ಕಣಮ್ಮ. ಮೊದಲನೆಯ ಸಲ ಹತ್ತೇ ನಿಮಿಷಕ್ಕೆ ಮುಗೀತು. ಮಕ್ಕಳ ಪುಸ್ತಕ ತಾನೆ ಅಂತ ಪಕ್ಕಕ್ಕಿಟ್ಟೆ. ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ದೀಪ ಹಾಕಿ ಮತ್ತೆ ಕೂತೆ. ಮೊದಲ ಪುಟ ದಾಟೋದೇ ಕಷ್ಟ ಆಯ್ತು. ಶಾಲೆ ಶುರುವಾದ ದಿನ ಒಬ್ಬ ಹುಡುಗ ಕಾಣಿಸ್ತಿಲ್ಲ. ಹುಡುಕಿದರೆ ಶಾಲೆಯ ನೆಲದಡಿ ಕತ್ತಲೆಯಲ್ಲಿ ಮುದುರಿ ಕೂತಿದ್ದಾನೆ. ನೆಲದ ಕೆಳಗೆ ಮಗು ಹೇಗೆ ಹೋಯ್ತು ಅನ್ನೋದೇ ನನಗೆ ತಿಳೀಲಿಲ್ಲ.

ಶಿಷ್ಯೆ: ಜಪಾನಿನ ಹಳೆಯ ಕಟ್ಟಡಗಳೆಲ್ಲ ಮರದವು. ನಮ್ಮ ಹಾಗೆ ಮಣ್ಣು ತುಂಬಿ ನೆಲಗಟ್ಟು ಎಬ್ಬಿಸೋದಿಲ್ಲ, ಮೋಟು ಕಂಬಗಳ ಮೇಲೆ ಹಲಗೆಯ ನೆಲ ಹಾಸ್ತಾರೆ. ತೇವ ತಾಗದ ಹಾಗೆ ಕೆಳಗೆ ಗಾಳಿಯಾಡಬೇಕಲ್ಲ. ಸಣ್ಣ ಮಗು ತೆವಳಿಕೊಂಡು ಒಳಗೆ ಹೋಗುವಷ್ಟು ಜಾಗ ಅಲ್ಲಿ ಇರುತ್ತೆ.

ಮೇಷ್ಟ್ರು: ಅಂದರೆ ಮೇಲೆ ಎಲ್ಲರೂ ಕೂತು ಪಾಠ ಕೇಳುವ ಹಲಗೆಯ ಕೆಳಗೇ ಇದ್ದ. ಹೊರಗೆ ಓಡಿಹೋಗಿರಲಿಲ್ಲ.

ಶಿಷ್ಯೆ: ಹೌದು. ಶಾಲೆಗೇ ಬಂದಿದ್ದ, ಒಳಗೆ ಬರೋಕೆ ಧೈರ್ಯ ಸಾಲಲಿಲ್ಲ. ತುಂಬ ಸಣ್ಣವನು ಅಂತ 'ಚಿಬಿ' ಅನ್ನೋ ಅಡ್ಡಹೆಸರು ಅಂಟಿತು. ಪುಟಾಣಿ, ಕುಳ್ಳ, ಹೀಗೇನೋ ಅರ್ಥ. ಆದರೆ ಮೇಷ್ಟ್ರೇ, ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದು. ಕಥೆ ಹೇಳ್ತಿರೋರು ಯಾರು ಅಂತ ಗಮನಿಸಿದಿರಾ?

ಮೇಷ್ಟ್ರು: ಬರೆದವರೇ ಅಲ್ಲವೆ? ತಾರೋ ಯಾಶಿಮಾ.

ಶಿಷ್ಯೆ: 'ನಾವು' ಹೇಳ್ತಿದ್ದೀವಿ. ನಮ್ಮೂರ ಶಾಲೆ, ನಮ್ಮ ತರಗತಿ ಅಂತಲೇ ಶುರು. ಪೀಡನೆ ಅನುಭವಿಸಿದವರು ತಮ್ಮ ನೋವು ಬರೆದ ಪುಸ್ತಕಗಳು ಬೇಕಾದಷ್ಟಿವೆ. ಇದರಲ್ಲಿ ಚಿಬಿ ತನ್ನ ಬಾಯಿಂದ ಏನೂ ಹೇಳೋದಿಲ್ಲ. ಅವನನ್ನು ಪೆದ್ದ ಅಂದವರು, ಸಾಲಿನ ಕೊನೆಗೆ ಬಿಟ್ಟವರು, ಆಟಕ್ಕೆ ಕರೆಯದವರು, ಅವರೇ ಕೂತು ಹೇಳ್ತಿದ್ದಾರೆ. ಇಡೀ ತರಗತಿಯ ತಪ್ಪೊಪ್ಪಿಗೆ ಅದು. ಮಕ್ಕಳಿಗೆ ಓದಿ ಹೇಳುವಾಗ ಆ 'ನಾವು' ನನ್ನ ಬಾಯಿಂದಲೇ ಬರುತ್ತೆ. ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ.

ಮೇಷ್ಟ್ರು: ನಿಜ. ನನಗೆ ಅದು ಹೊಳೆದೇ ಇರಲಿಲ್ಲ. ನಾನು ಆ ಹುಡುಗನ ಹಿಂದೆಯೇ ಹೋಗಿಬಿಟ್ಟಿದ್ದೆ. ಅವನು ಹೊತ್ತು ಕಳೆಯುವ ರೀತಿ ನೋಡು. ಸೂರಿನ ಹಲಗೆಗಳನ್ನೇ ಗಂಟೆಗಟ್ಟಲೆ ನೋಡ್ತಾನೆ. ಡೆಸ್ಕಿನ ಮರದ ಗೆರೆ, ಮುಂದೆ ಕೂತವನ ಭುಜದ ತೇಪೆ, ಕಿಟಕಿಯಾಚೆ ಮಳೆ. ಬೇಡದ್ದು ಕಣ್ಣಿಗೆ ಬೀಳಬಾರದು ಅಂತ ಕಣ್ಣನ್ನು ಮೆಳ್ಳೆ ಮಾಡಿಕೊಳ್ಳೋದನ್ನೂ ಕಲೀತಾನೆ. ಮೂವತ್ತಾರು ವರ್ಷ ಪಾಠ ಮಾಡಿದೆ ನಾನು. ಸೂರು ನೋಡ್ತಾ ಕೂತ ಮಕ್ಕಳನ್ನು ಎಷ್ಟು ಸಲ ಗದರಿಸಿದ್ದೀನೋ. 'ಅಲ್ಲೇನು ಬರೆದಿದೆಯೇನೋ?' ಅಂತ ಕೇಳಿದಾಗ ತರಗತಿಯೆಲ್ಲ ನಗೋದು. ಆ ನಗು ನಾನೇ ಕೊಟ್ಟದ್ದು.

ಶಿಷ್ಯೆ: ಆ ಪುಟಗಳ ಚಿತ್ರ ನೋಡಿ. ಬರೆಯುವವಳ ಕಣ್ಣಿಂದ ಹೇಳ್ತೀನಿ, ಇಷ್ಟೊಂದು ಬಿಳಿ ಜಾಗ ಬಿಡೋಕೆ ಎದೆಗಾರಿಕೆ ಬೇಕು. ಒಂದು ಕಡೆ ಮಕ್ಕಳ ಗುಂಪು, ಇನ್ನೊಂದು ಕಡೆ ಅವನೊಬ್ಬ, ನಡುವೆ ಖಾಲಿ ಕಾಗದ. ಯಾರೂ ಹೊಡೀತಿಲ್ಲ, ಯಾರೂ ತಳ್ತಿಲ್ಲ. ಜಪಾನಿನಲ್ಲಿ ಪೀಡನೆಗೆ 'ಇಜಿಮೆ' ಅಂತಾರೆ. ಅದರ ಮುಖ್ಯ ಆಯುಧವೇ ಈ ಖಾಲಿ ಜಾಗ, ಗುಂಪಿನಿಂದ ಹೊರಗಿಡೋದು. ಅಲ್ಲಿನ ಹುಡುಗರು 'ಶಿಕಾತೊ' ಅಂತ ಒಂದು ಮಾತು ಬಳಸ್ತಾರೆ, ಎದುರಿಗಿದ್ದರೂ ಇಲ್ಲದವನ ಹಾಗೆ ನಡೆದುಕೊಳ್ಳೋದಕ್ಕೆ. ಹಳೆಯ ಇಸ್ಪೀಟಿನಂಥ ಒಂದು ಆಟ ಇದೆ, ಹನಾಫುದ ಅಂತ. ಅದರಲ್ಲಿ ಹತ್ತನೇ ತಿಂಗಳ ಎಲೆಯ ಮೇಲೆ ಮುಖ ತಿರುಗಿಸಿಕೊಂಡ ಜಿಂಕೆ. ಜಿಂಕೆಗೆ 'ಶಿಕಾ', ಹತ್ತಕ್ಕೆ 'ತೊ'. ಅಲ್ಲಿಂದ ಬಂದ ಮಾತು ಅದು ಅಂತಾರೆ.

ಮೇಷ್ಟ್ರು: ನೀವೆಲ್ಲ ಚಿಕ್ಕವರಿದ್ದಾಗ 'ಠೂ' ಬಿಡ್ತಿದ್ದಿರಲ್ಲ, ಹಾಗೆ?

ಶಿಷ್ಯೆ: ಠೂ ಬಿಟ್ಟವರು ಸಂಜೆಗೆ ಮತ್ತೆ ಕೂಡುತ್ತಿದ್ದೆವು ಮೇಷ್ಟ್ರೇ. ಇದು ಊರಿನ ಬಹಿಷ್ಕಾರದ ಜಾತಿಗೆ ಸೇರಿದ್ದು. ಅದಕ್ಕೂ ಅವರಲ್ಲಿ ಹಳೆಯ ಪದ ಇದೆ, 'ಮುರಾಹಚಿಬು'. ಹಳ್ಳಿಯ ಹತ್ತು ಬಗೆಯ ಕೊಳುಕೊಡೆಯಲ್ಲಿ ಎಂಟನ್ನು ಕಡಿದುಬಿಡೋದು. ಉಳಿದ ಎರಡು, ಮನೆಗೆ ಬೆಂಕಿ ಬಿದ್ದಾಗ, ಮನೆಯಲ್ಲಿ ಸಾವಾದಾಗ. ಅಷ್ಟಕ್ಕೆ ಮಾತ್ರ ಊರು ಬರುತ್ತೆ.

ಮೇಷ್ಟ್ರು: ಆ ಹುಡುಗನಿಗೆ ಆ ಎರಡೂ ಇರಲಿಲ್ಲ. ಐದು ವರ್ಷ! ನಮ್ಮಲ್ಲಿ ಸಣ್ಣ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತೀವಿ. ಚಿಬಿಯ ಕಥೆ ತಿರುಗಾ ಮುರುಗಾ. ಅವನು ಲೆಕ್ಕಕ್ಕಿದ್ದ, ಆಟಕ್ಕಿರಲಿಲ್ಲ. ಹಾಜರಿ ಪುಸ್ತಕದಲ್ಲಿ ದಿನವೂ ಅವನ ಹೆಸರಿನ ಮುಂದೆ ಗುರುತು ಬಿದ್ದಿರುತ್ತೆ. ಹಾಕಿದ ಮೇಷ್ಟ್ರು ತಲೆ ಎತ್ತಿ ನೋಡಿರೋಲ್ಲ.

ಶಿಷ್ಯೆ: ನೀವು ಅಲ್ಲಿಗೇ ಹೋಗ್ತೀರಿ ಅಂತ ಗೊತ್ತಿತ್ತು.

ಮೇಷ್ಟ್ರು: ಎಲ್ಲಿಗೆ ಹೋಗಲಿ ಮತ್ತೆ? ಆರನೇ ತರಗತಿಗೆ ಇಸೋಬೆ ಅನ್ನುವ ಮೇಷ್ಟ್ರು ಬರ್ತಾರೆ, ಎಲ್ಲ ಬದಲಾಗುತ್ತೆ. ಓದುವ ಪ್ರತಿಯೊಬ್ಬ ಉಪಾಧ್ಯಾಯನೂ ತಾನು ಇಸೋಬೆ ಅಂದುಕೊಂಡು ಕಣ್ಣೊರೆಸಿಕೊಳ್ತಾನೆ. ನಾನೂ ಮೊದಲ ಸಲ ಹಾಗೇ ಓದಿದೆ. ಅದಕ್ಕೇ ನಿದ್ದೆ ಬರಲಿಲ್ಲ. ಒಂದರಿಂದ ಐದರವರೆಗೂ ಆ ಶಾಲೆಯಲ್ಲಿ ಮೇಷ್ಟ್ರುಗಳು ಇದ್ದರಲ್ಲ? ಪುಸ್ತಕದಲ್ಲಿ ಅವರಿಗೆ ಹೆಸರೂ ಇಲ್ಲ, ಮುಖವೂ ಇಲ್ಲ.

ಶಿಷ್ಯೆ: ಇಸೋಬೆ ನಿಜವಾದವರು ಮೇಷ್ಟ್ರೇ. ಹೆಸರು ಸ್ವಲ್ಪ ಬದಲಾಗಿದೆ, ಅಷ್ಟೇ. ಯಾಶಿಮಾ ಪುಸ್ತಕವನ್ನು ಅರ್ಪಿಸಿರೋದೇ ತಮ್ಮೂರಿನ ಆ ಮೇಷ್ಟ್ರಿಗೆ.

ಮೇಷ್ಟ್ರು: ಹಾಗಾದರೆ ಚಿಬಿ? ಬರೆದವರೇ ಚಿಬಿಯೆ?

ಶಿಷ್ಯೆ: ಆ ಕುತೂಹಲದಿಂದಲೇ ನಾನು ಅವರ ಬದುಕನ್ನು ಹುಡುಕಿಕೊಂಡು ಹೋದದ್ದು. ಜಪಾನಿನ ದಕ್ಷಿಣದ ಕ್ಯೂಷೂ ದ್ವೀಪದಲ್ಲಿ ಕಾಗೋಶಿಮಾ ಪ್ರಾಂತ, ಅಲ್ಲಿ ನೆಜಿಮೆ ಅಂತ ಒಂದು ಊರು. 1908ರಲ್ಲಿ ಹುಟ್ಟಿದರು. ಅಪ್ಪ ಹಳ್ಳಿಯ ವೈದ್ಯರು. ವೈದ್ಯರ ಮಗ ಹಳ್ಳಿಶಾಲೆಯಲ್ಲಿ ಎಲ್ಲಿ ಕೂತಿರಬಹುದು, ನೀವೇ ಹೇಳಿ. ಆ 'ನಾವು' ಒಳಗೆ ತಾವೂ ಇದ್ದೆವು ಅಂತಲೇ ಅವರು ಆ ಪದ ಆರಿಸಿಕೊಂಡರು ಅಂತ ನಾನು ನಂಬಿದ್ದೀನಿ. ಬೆಟ್ಟದಾಚೆ ಇದ್ದಿಲು ಸುಡುವ ಮನೆಯಿಂದ ಬರುವ ಹುಡುಗನ ದಾರಿಯನ್ನು ಅವರು ನಡೆದವರಲ್ಲ, ಕಿಟಕಿಯಿಂದ ನೋಡಿದವರು.

ಮೇಷ್ಟ್ರು: ಹಾಗಿದ್ದೂ ಇಷ್ಟು ಹತ್ತಿರದಿಂದ ಬರೆಯೋಕೆ ಹೇಗಾಯ್ತು?

ಶಿಷ್ಯೆ: ಆಮೇಲೆ ಅವರೇ ಹೊರಗಾದರು. ಟೋಕಿಯೊದಲ್ಲಿ ಚಿತ್ರಕಲೆ ಓದುವಾಗ ಸೈನಿಕ ಕವಾಯತಿಗೆ ಹೋಗಲಿಲ್ಲ ಅಂತ ಶಾಲೆಯಿಂದ ತೆಗೆದುಹಾಕಿದರು. 1930ರ ದಶಕದ ಜಪಾನು, ಯುದ್ಧದ ಕಡೆಗೆ ನಡೀತಿದ್ದ ದೇಶ. ಇವರು ಕೂಲಿಕಾರರ, ರೈತರ ಪರ ಚಿತ್ರ ಬರೆಯುವವರ ಗುಂಪಿನಲ್ಲಿದ್ದರು. ಪೊಲೀಸರು ಹಿಡಿದು ಒಳಗೆ ಹಾಕಿದರು, ಹೊಡೆದರು. ಹೆಂಡತಿ ಮಿತ್ಸು ಕೂಡ ಚಿತ್ರಗಾರ್ತಿ. ಬಸುರಿಯಾಗಿದ್ದಾಗಲೇ ಅವರನ್ನೂ ಸೆರೆಯಲ್ಲಿಟ್ಟರು. 1939ರಲ್ಲಿ ಗಂಡಹೆಂಡಿರಿಬ್ಬರೂ ಅಮೆರಿಕಕ್ಕೆ ಹೊರಟುಹೋದರು. ಐದು ವರ್ಷದ ಮಗನನ್ನು ಅಜ್ಜ ಅಜ್ಜಿಯ ಹತ್ತಿರ ಬಿಟ್ಟು.

ಮೇಷ್ಟ್ರು: ಬಿಟ್ಟು?

ಶಿಷ್ಯೆ: ಬಿಟ್ಟು. ಹೋದ ಮೇಲೆ ಯುದ್ಧ ಬಂತು, ದಾರಿ ಮುಚ್ಚಿತು. ಮಗ ಅವರನ್ನು ಸೇರಿದ್ದು 1949ರಲ್ಲಿ. ಆ ಹುಡುಗ ಮುಂದೆ ಮಾಕೊ ಅಂತ ದೊಡ್ಡ ನಟನಾದ, ಆಸ್ಕರ್ ಪ್ರಶಸ್ತಿಯ ಪಟ್ಟಿಯಲ್ಲೂ ಅವನ ಹೆಸರು ಬಂತು. ಆದರೆ ಬಾಲ್ಯದ ಹತ್ತು ವರ್ಷ ಅಪ್ಪ ಅಮ್ಮ ಇಲ್ಲದೆ ಕಳೆಯಿತಲ್ಲ. ಯಾಶಿಮಾ ಅನ್ನೋದು ಕೂಡ ಹುಟ್ಟುಹೆಸರಲ್ಲ. ನಿಜವಾದ ಹೆಸರು ಇವಾಮಾತ್ಸು. ಯುದ್ಧದ ಕಾಲದಲ್ಲಿ ಅಮೆರಿಕದ ಪರವಾಗಿ ಕೆಲಸ ಮಾಡಿದರು, ಜಪಾನಿ ಸೈನಿಕರಿಗೆ ಸಾಯಬೇಡಿ, ಬದುಕಿ ಬನ್ನಿ ಅಂತ ಚಿತ್ರಕಥೆಯ ಕರಪತ್ರ ಬರೆದರು. ಗೊತ್ತಾದರೆ ಊರಲ್ಲಿರುವ ಮಗನಿಗೆ, ನೆಂಟರಿಗೆ ತೊಂದರೆ ಅಂತ ಹೆಸರು ಬದಲಿಸಿಕೊಂಡರು. ಯಾಶಿಮಾ ಅಂದರೆ ಎಂಟು ದ್ವೀಪ, ಜಪಾನಿನದೇ ಹಳೆಯ ಹೆಸರು. ತಾರೋ ಅನ್ನೋದು ಅಲ್ಲಿ ಮನೆಯ ಹಿರಿಮಗನಿಗೆ ಇಡುವ ಸಾಮಾನ್ಯ ಹೆಸರು. ದೇಶ ಬಿಟ್ಟವರು ದೇಶವನ್ನೇ ಹೆಸರಾಗಿ ಹೊತ್ತುಕೊಂಡರು.

ಮೇಷ್ಟ್ರು: ಹೊಸ ದೇಶದಲ್ಲಿ, ಬಾರದ ಭಾಷೆಯಲ್ಲಿ, ಎಲ್ಲರಿಗೂ ಶತ್ರುವಿನ ಮುಖ. ಸೂರು ನೋಡಿಕೊಂಡು ಕೂರೋದು ಅಂದರೆ ಏನು ಅಂತ ಆಗ ತಿಳಿದಿರುತ್ತೆ.

ಶಿಷ್ಯೆ: 1948ರಲ್ಲಿ ಅಮೆರಿಕದಲ್ಲಿ ಮಗಳು ಹುಟ್ಟಿದಳು, ಮೊಮೊ. ಅವಳಿಗೆ ಅಪ್ಪನ ಊರು ಗೊತ್ತಿಲ್ಲ. ಅವಳಿಗಾಗಿ ತಮ್ಮ ಬಾಲ್ಯದ ಹಳ್ಳಿಯ ಕಥೆಗಳನ್ನು ಪುಸ್ತಕ ಮಾಡಿದರು. ಹೊಳೆಯ ದಡದ ಮರದ ಬಗ್ಗೆ ಒಂದು, ಶಾಲೆಯ ದಾರಿಯ ಬಗ್ಗೆ ಒಂದು, 1955ರಲ್ಲಿ ಈ 'ಕ್ರೋ ಬಾಯ್'. ಮರುವರ್ಷ ಅಮೆರಿಕದಲ್ಲಿ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಗೌರವ ಸಿಕ್ಕಿತು. ನೋಡಿ ಮೇಷ್ಟ್ರೇ, ಕ್ಯೂಷೂವಿನ ಹಳ್ಳಿಶಾಲೆಯ ಕಥೆ ಮೊದಲು ಬಂದದ್ದು ಇಂಗ್ಲಿಷಿನಲ್ಲಿ. ಜಪಾನಿಯಲ್ಲಿ ಅವರೇ ಬರೆದದ್ದು ಬಂದಾಗ 1979. ಅಲ್ಲಿ ಅದರ ಹೆಸರು 'ಕರಸು ತಾರೋ', ಕಾಗೆ ತಾರೋ. ತಮಗೆ ಇಟ್ಟುಕೊಂಡ ಹೆಸರನ್ನೇ ಆ ಹುಡುಗನಿಗೂ ಕೊಟ್ಟಿದ್ದಾರೆ.

ಮೇಷ್ಟ್ರು: ಓ... ಇದು ನನಗೆ ಬೇಕಾಗಿತ್ತು ನೋಡು. ಹೆಸರು ಕೊಡೋದು ಅಂದರೆ ಮನೆಗೆ ಸೇರಿಸಿಕೊಳ್ಳೋದು.

ಶಿಷ್ಯೆ: ಈಗ ನನ್ನ ತಕರಾರು ಹೇಳ್ತೀನಿ. ಶನಿವಾರ ಗ್ರಂಥಾಲಯದಲ್ಲಿ ಮಕ್ಕಳಿಗೆ ಇದನ್ನು ಓದಬೇಕು, ಅದಕ್ಕೇ ನಿಮ್ಮ ಹತ್ತಿರ ಬಂದದ್ದು. ಇಸೋಬೆ ಮೇಷ್ಟ್ರು ಚಿಬಿಯನ್ನು ಪ್ರತಿಭಾ ಪ್ರದರ್ಶನದ ದಿನ ವೇದಿಕೆಗೆ ಹತ್ತಿಸ್ತಾರೆ. ಅವನು ಕಾಗೆಗಳ ದನಿ ಮಾಡ್ತಾನೆ. ಮೊಟ್ಟೆಯೊಡೆದು ಬಂದ ಮರಿಯದು, ತಾಯಿಯದು, ತಂದೆಯದು, ಬೆಳಗಿನದು, ಊರಲ್ಲಿ ಕೆಟ್ಟದ್ದಾದಾಗಿನದು. ಎಲ್ಲರೂ ಬೆರಗಾಗ್ತಾರೆ, ಅಳ್ತಾರೆ, ಆಮೇಲೆ ಅವನನ್ನು ಯಾರೂ ಚಿಬಿ ಅನ್ನೋದಿಲ್ಲ. ಅಲ್ಲ ಮೇಷ್ಟ್ರೇ, ಅವನಿಗೆ ಕಾಗೆಯ ದನಿ ಬಾರದೇ ಇದ್ದಿದ್ದರೆ? ಏನೂ ಬಾರದ ಮಗು ಇರುತ್ತಲ್ಲ, ಅದು ನೆಲದಡಿಯೇ ಉಳಿಯಬೇಕಾ? ಪೀಡನೆಗೆ ಸಿಕ್ಕಿದವರು ಒಂದು ವಿದ್ಯೆ ತೋರಿಸಿ ಬಿಡುಗಡೆ ಪಡೀಬೇಕು ಅನ್ನೋ ಪಾಠ ಮಕ್ಕಳಿಗೆ ಹೋದರೆ?

ಮೇಷ್ಟ್ರು: ಆ ಪುಟ ಮತ್ತೆ ತೆಗಿ. ದನಿ ಮುಗಿದ ಮೇಲೆ ಏನಾಗುತ್ತೆ?

ಶಿಷ್ಯೆ: ಇಸೋಬೆ ಎದ್ದು ಅವನು ಅದನ್ನು ಹೇಗೆ ಕಲಿತ ಅಂತ ವಿವರಿಸ್ತಾರೆ. ಬೆಳಕು ಹರಿಯುವಾಗ ಮನೆ ಬಿಡೋದು, ಮುಳುಗುವಾಗ ಮನೆ ಮುಟ್ಟೋದು, ಆರು ವರ್ಷ ದಿನವೂ.

ಮೇಷ್ಟ್ರು: ಅಳು ಬಂದದ್ದು ಯಾವಾಗ?

ಶಿಷ್ಯೆ: ...ಅದಾದ ಮೇಲೆ.

ಮೇಷ್ಟ್ರು: ಹೂಂ. ದನಿಗೆ ಬೆರಗಾದರು, ದಾರಿಗೆ ಅತ್ತರು. ಬೆಟ್ಟ ಹತ್ತಿ ಇಳಿದು ಬರುವ ದಾರಿಯಲ್ಲಿ ಅವನಿಗೆ ಮಾತಾಡಿಸೋರು ಸಿಕ್ಕಿದ್ದು ಕಾಗೆಗಳು ಮಾತ್ರ. ಆ ದೂರ ಇವರಿಗೆ ಆರು ವರ್ಷ ಗೊತ್ತಿರಲಿಲ್ಲ. ಮೂಲಂಗಿ ಎಲೆಯಲ್ಲಿ ಸುತ್ತಿದ ಅನ್ನದ ಉಂಡೆ ದಿನಾ ನೋಡ್ತಿದ್ದರು, ಮಳೆಗೆ ನಮ್ಮ ಮಲೆನಾಡಿನ ಗೊರಬಿನ ಹಾಗೆ ಹುಲ್ಲು ಹೆಣೆದದ್ದನ್ನು ಹೊದ್ದು ಬರೋದನ್ನು ನೋಡ್ತಿದ್ದರು. ಎಲ್ಲಿಂದ ಬರ್ತೀಯೋ ಅಂತ ಒಬ್ಬರೂ ಕೇಳಲಿಲ್ಲ. ಇಸೋಬೆ ವೇದಿಕೆ ಹತ್ತಿಸೋ ಮುಂಚೆ ಏನು ಮಾಡಿದರು ಅದನ್ನೂ ನೋಡು. ಬೆಟ್ಟಕ್ಕೆ ಕರೆದುಕೊಂಡು ಹೋದರು. ಕಾಡುದ್ರಾಕ್ಷಿ ಎಲ್ಲಿ ಬೆಳೆಯುತ್ತೆ, ಕಾಡುಗೆಣಸು ಎಲ್ಲಿ ಸಿಗುತ್ತೆ ಅಂತ ಅವನು ತೋರಿಸಿದ. ಅವನು ಬರೆದ ಅಕ್ಷರ ಅವನೊಬ್ಬನಿಗೇ ಓದೋಕೆ ಬರ್ತಿತ್ತು. ಅದನ್ನೂ ಗೋಡೆಗೆ ಅಂಟಿಸಿದರು! ಓದೋಕಾಗದ ಅಕ್ಷರವನ್ನು ಅಂಟಿಸಿದವರು ವಿದ್ಯೆ ನೋಡಿ ಅಂಟಿಸಿದ್ದಲ್ಲಮ್ಮ. ಯಾರೂ ಇಲ್ಲದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಮಾತಾಡಿದರು. ನಿನ್ನ ಏನೂ ಬಾರದ ಮಗುವಿಗೂ ಇಷ್ಟೂ ಮಾಡಬಹುದು.

ಶಿಷ್ಯೆ: ಹಾಗಾದರೆ ಓದುವಾಗ ಕಾಗೆಯ ದನಿಗೆ ಹೆಚ್ಚು ಹೊತ್ತು ಕೊಡಬಾರದು, ಬೆಟ್ಟದ ಪುಟಕ್ಕೆ ಕೊಡಬೇಕು.

ಮೇಷ್ಟ್ರು: ದನಿಗೂ ಕೊಡು, ಮಕ್ಕಳಿಗೆ ಅದೇ ಹಬ್ಬ. ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿ ಪಾಪ ಕಾಗೆಗೆ ಯಾವಾಗಲೂ ಕೆಟ್ಟ ಪಾತ್ರ. ಇಲ್ಲಾದರೂ ಅದರ ಸಂಸಾರ ಮಕ್ಕಳಿಗೆ ಕೇಳಿಸಲಿ.

ಶಿಷ್ಯೆ: ಇನ್ನೊಂದು ನನಗೆ ನುಂಗಲಾರದ್ದು. ಕೊನೆಗೆ ಆರು ವರ್ಷವೂ ಒಂದು ದಿನ ತಪ್ಪಿಸದೆ ಬಂದದ್ದಕ್ಕೆ ಅವನೊಬ್ಬನಿಗೇ ಗೌರವ. ಇವತ್ತಿನ ಜಪಾನಿನಲ್ಲಿ ಈ ಪುಟ ಓದುವ ಮಗುವಿನ ಗತಿ? 2023ರ ಶಾಲಾ ವರ್ಷದಲ್ಲಿ ಅಲ್ಲಿಯ ಸರ್ಕಾರ ಲೆಕ್ಕ ಹಾಕಿದ ಇಜಿಮೆ ಪ್ರಕರಣ 7,32,568. ಸಣ್ಣದನ್ನೂ ಬಿಡದೆ ದಾಖಲಿಸಿ ಅಂತ ಶಾಲೆಗಳಿಗೆ ಹೇಳಿದ ಮೇಲೆ ಸಂಖ್ಯೆ ಏರಿದ್ದೂ ಹೌದು. ಅದೇ ವರ್ಷ ಒಂದರಿಂದ ಒಂಬತ್ತನೆಯ ತರಗತಿಯವರೆಗೆ ದೀರ್ಘಕಾಲ ಶಾಲೆಗೆ ಹೋಗದ ಮಕ್ಕಳು 3,46,482. ಎಲ್ಲರೂ ಪೀಡನೆಯಿಂದಲೇ ಬಿಟ್ಟವರಲ್ಲ, ಕಾರಣ ಹಲವಾರು. ಆದರೆ ಬೆಳಿಗ್ಗೆ ಎದ್ದು ಬೂಟು ಹಾಕಿಕೊಳ್ಳೋಕೇ ಕೈ ಬಾರದ ಮಗುವಿಗೆ 'ಚಿಬಿ ನೋಡು, ಒಂದು ದಿನ ತಪ್ಪಿಸಲಿಲ್ಲ' ಅನ್ನೋದು ಕ್ರೌರ್ಯ.

ಮೇಷ್ಟ್ರು: ಕ್ರೌರ್ಯವೇ. ಅದನ್ನು ಮಕ್ಕಳಿಗೆ ಹೇಳಲೇಬಾರದು. ಆ ಗೌರವ ಕೊಟ್ಟವರಿಗೆ ಆ ದಿನ ತಲೆ ತಗ್ಗಿರಬೇಕು, ನನಗೆ ಕಾಣುವ ಅರ್ಥ ಅದು. ಆರು ವರ್ಷದ ಹಾಜರಿ ಎದುರಿಗೆ ಇಟ್ಟರೆ ಶಾಲೆಯ ತಪ್ಪಿನ ಪಟ್ಟಿಯೂ ಅದೇ ಆಗುತ್ತೆ. ಇಷ್ಟು ದಿನ ಬಂದ, ಇಷ್ಟು ದಿನ ನಾವು ನೋಡಲಿಲ್ಲ.

ಶಿಷ್ಯೆ: 1985ರಲ್ಲಿ ಟೋಕಿಯೊದ ಒಂದು ಶಾಲೆಯಲ್ಲಿ ಹದಿಮೂರು ವರ್ಷದ ಹುಡುಗನಿಗೆ ತರಗತಿಯವರು ಸುಳ್ಳು ಅಂತ್ಯಕ್ರಿಯೆ ಮಾಡಿದ್ದರು. ಅವನ ಡೆಸ್ಕಿನ ಮೇಲೆ ಹೂವಿಟ್ಟು, ವಿದಾಯದ ಮಾತು ಬರೆದು. ಆ ಹಾಳೆಯ ಮೇಲೆ ಮೇಷ್ಟ್ರುಗಳ ಸಹಿಯೂ ಇತ್ತು. 1986ರ ಹೊತ್ತಿಗೆ ಆ ಮಗು ಉಳೀಲಿಲ್ಲ.

ಮೇಷ್ಟ್ರು: ಮೇಷ್ಟ್ರುಗಳ ಸಹಿ...

ಶಿಷ್ಯೆ: ಆ ಮಗು ಹೋದ ವರ್ಷವೇ ಮೊರಿತಾ ಯೋಜಿ ಅನ್ನುವ ಸಮಾಜಶಾಸ್ತ್ರಜ್ಞರು ಒಂದು ಮಾತು ಮುಂದಿಟ್ಟರು. ಇಜಿಮೆಯಲ್ಲಿ ಪೀಡಿಸುವವನು, ಪೀಡನೆಗೆ ಸಿಕ್ಕವನು ಇಬ್ಬರೇ ಇರೋದಲ್ಲ. ಸುತ್ತ ನಿಂತು ನಕ್ಕು ಹುರಿದುಂಬಿಸುವವರು ಒಂದು ಸುತ್ತು, ಅದರಾಚೆ ಕಂಡೂ ಕಾಣದ ಹಾಗೆ ಇರುವವರು ಇನ್ನೊಂದು ಸುತ್ತು. ಆ ಹೊರಸುತ್ತು ದಪ್ಪವಾದಷ್ಟೂ ಒಳಗಿನ ಏಟು ಹೆಚ್ಚುತ್ತೆ. 2013ರಲ್ಲಿ ಕಾನೂನೇ ಬಂತು, ಪೀಡನೆ ತಡೆಯೋದು ಶಾಲೆಯ ಕರ್ತವ್ಯ ಅಂತ. ಏಟು ಎಷ್ಟು ಜೋರು ಅಂತ ಅಳೆಯದೆ, ಆ ಮಗುವಿಗೆ ನೋವಾಯಿತೇ ಅಂತ ಕೇಳುವ ಕಾನೂನು. ಮೊರಿತಾ ಹೇಳಿದ ಹೊರಸುತ್ತನ್ನು ಯಾಶಿಮಾ ಮೂವತ್ತು ವರ್ಷ ಮೊದಲೇ ಚಿತ್ರಪುಸ್ತಕದಲ್ಲಿ ಮಾತಾಡಿಸಿದ್ದರಲ್ಲ, ಅದಕ್ಕೇ ನನಗೆ ಈ ಪುಸ್ತಕದ ಮೇಲೆ ಇಷ್ಟು ಗೌರವ. ನಮ್ಮಲ್ಲಿ ಎಲ್ಲರೂ ಓದಿದ ಜಪಾನಿ ಶಾಲೆ ಅಂದರೆ 'ತೊತ್ತೋಚಾನ್'. ಅಲ್ಲಿ ರೈಲು ಡಬ್ಬಿಯ ತರಗತಿ, ಎಲ್ಲ ಮಕ್ಕಳನ್ನೂ ಕಿವಿಗೊಟ್ಟು ಕೇಳುವ ಕೊಬಾಯಾಶಿ ಮೇಷ್ಟ್ರು. ನನಗೆ ಅದು ಪ್ರಾಣ. ಆದರೆ ಅದು ಕೇಳಿಸಿಕೊಂಡ ಮಗು ಬರೆದದ್ದು. ಇದು ಕೇಳಿಸಿಕೊಳ್ಳದವರು ಬರೆದದ್ದು.

ಮೇಷ್ಟ್ರು: ನಮ್ಮ ತರಗತಿಯಲ್ಲಿ ಒಬ್ಬನಿದ್ದ, ನಿನಗೆ ನೆನಪಿದೆಯೇನಮ್ಮ?

ಶಿಷ್ಯೆ: ಹೊಗೆಸೊಪ್ಪು.

ಮೇಷ್ಟ್ರು: ಥಟ್ಟನೆ ಬಂತು.

ಶಿಷ್ಯೆ: ಪುಸ್ತಕ ಕೈಗೆ ಬಂದ ದಿನದಿಂದ ಅವನೇ ತಲೆಯಲ್ಲಿ. ಅಂಗಿ ಯಾವಾಗಲೂ ಸೌದೆಯ ಹೊಗೆ ವಾಸನೆ ಬರ್ತಿತ್ತು. ಅದಕ್ಕೇ ಆ ಹೆಸರು. ಇಟ್ಟಿದ್ದು ಯಾರೋ, ಕರೆದದ್ದು ಎಲ್ಲರೂ. ನಾನು ಅವನಿಗೆ ಯಾವತ್ತೂ ಕೆಟ್ಟದ್ದು ಮಾಡಿಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಮಾಡಿದ್ದೂ ಇಲ್ಲ. ಅವನ ಪಕ್ಕ ಜಾಗ ಖಾಲಿ ಇದ್ದಾಗ ನಿಂತೇ ಬರೆದುಕೊಂಡದ್ದು ಮಾತ್ರ ನೆನಪಿದೆ. ಅವನ ನಿಜವಾದ ಹೆಸರು ಏನು ಮೇಷ್ಟ್ರೇ? ಮೂರು ದಿನದಿಂದ ನೆನಪು ಮಾಡಿಕೊಳ್ತಿದ್ದೀನಿ, ಬರ್ತಾ ಇಲ್ಲ.

ಮೇಷ್ಟ್ರು: ನನಗೆ ಬರುತ್ತೆ. ಹಾಜರಿ ಕೂಗಿ ಕೂಗಿ ನಾಲಿಗೆಗೆ ಅಂಟಿದೆ. ಆಮೇಲೆ ಬರೆದುಕೊಡ್ತೀನಿ. ಹೊಳೆಯಾಚೆ ಮನೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಸುತ್ತಿ ಬರಬೇಕಿತ್ತು. ತಡವಾಗಿ ಬಂದ ದಿನ ಬಾಗಿಲಲ್ಲಿ ನಿಲ್ಲಿಸಿದ್ದೀನಿ. ಮೈಯಿಂದ ನೀರು ತೊಟ್ಟಿಕ್ಕುತ್ತಾ ನಿಂತಿರೋನು. ಹೊಳೆ ತುಂಬಿದೆ ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಏಳನೇ ತರಗತಿ ಮುಗಿಯೋ ಮೊದಲೇ ಬಿಟ್ಟುಹೋದ. ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಅಷ್ಟೇ ನಾನು ಅವನಿಗೆ ಮಾಡಿದ್ದು.

ಶಿಷ್ಯೆ: ನೀವು ಒಳ್ಳೆಯ ಮೇಷ್ಟ್ರು. ನನಗೆ ಮೊದಲ ಬಣ್ಣದ ಪೆಟ್ಟಿಗೆ ಕೊಡಿಸಿದವರು ನೀವು.

ಮೇಷ್ಟ್ರು: ನಿನಗೆ ಕೊಡಿಸಿದೆ. ಚಿತ್ರ ಬರೀತಿದ್ದೆ, ಕಣ್ಣಿಗೆ ಬಿದ್ದೆ. ಸಮಾಧಾನ ಹೇಳಬೇಡಮ್ಮ, ಈ ವಯಸ್ಸಿನಲ್ಲಿ ಇದನ್ನು ನೆಟ್ಟಗೆ ನೋಡೋಕೆ ಬಿಡು.

ಶಿಷ್ಯೆ: ಆಗಲಿ ಮೇಷ್ಟ್ರೇ.

ಮೇಷ್ಟ್ರು: ಕೊನೆಯ ಪುಟಗಳು ನನಗೆ ಬಹಳ ಹಿಡಿಸಿದವು. ದೊಡ್ಡವನಾದ ಮೇಲೂ ಅವನು ಇದ್ದಿಲು ಮಾರೋಕೆ ಊರಿಗೆ ಬರ್ತಾನೆ. ಯಾರೂ ಅವನನ್ನು ಪಟ್ಟಣಕ್ಕೆ ಕಳಿಸಿ ದೊಡ್ಡ ಮನುಷ್ಯನನ್ನು ಮಾಡಲಿಲ್ಲ. ಊರವರು ಕಾಗೆ ಹುಡುಗ ಅಂತ ಕೂಗಿದರೆ ತಲೆಯಾಡಿಸಿ ನಗ್ತಾನೆ. ಮನೆಗೆ ಬೇಕಾದ ಸಾಮಾನು ಕೊಂಡು, ಭುಜ ಬಿಡಿಸಿಕೊಂಡು ಅದೇ ದಾರಿ ಹಿಡೀತಾನೆ. ತಿರುವಿನಾಚೆಯಿಂದ ಕಾಗೆಯ ದನಿ ಕೇಳುತ್ತೆ. ದೂರ ಹಾಗೇ ಇದೆ, ಊರಿಗೆ ಅದು ಗೊತ್ತಾಗಿದೆ.

ಶಿಷ್ಯೆ: ಓದಿದ ಮೇಲೆ ಮಕ್ಕಳನ್ನು ಏನು ಕೇಳಲಿ?

ಮೇಷ್ಟ್ರು: ಏನೂ ಕೇಳಬೇಡ. ಇದರಿಂದ ಏನು ಕಲಿತಿರಿ ಅಂತಂತೂ ಬೇಡವೇ ಬೇಡ. ಕೇಳಿದರೆ ನಮಗೆ ಬೇಕಾದ ಉತ್ತರ ಒಪ್ಪಿಸಿ ಎದ್ದುಹೋಗ್ತಾರೆ, ನಾನು ಬಲ್ಲೆ. ಮೊದಲ ಪುಟದಲ್ಲಿ ಮಾತ್ರ ನಿಲ್ಲಿಸು. ಹಲಗೆಯ ನೆಲ, ಕೆಳಗೆ ಕತ್ತಲೆ, ಒಬ್ಬ ಹುಡುಗ. ಪುಸ್ತಕ ಅವರ ಕಡೆ ತಿರುಗಿಸಿ ಹಿಡಿ. ಬಗ್ಗಿ ಅವನ ಮುಖ ಹುಡುಕೋ ಮಕ್ಕಳಿರ್ತಾರೆ, ಅವರಿಗೆ ಹೊತ್ತು ಕೊಡು.

ಶಿಷ್ಯೆ: ನೀವೂ ಬರ್ತೀರಾ?

ಮೇಷ್ಟ್ರು: ಬರ್ತೀನಿ. ಮುಂದೆ ಕುರ್ಚಿ ಹಾಕಿಸಬೇಡ. ಹಿಂದಿನ ಸಾಲಿನ ಮಕ್ಕಳ ಪಕ್ಕ ಕೂತ್ಕೋತೀನಿ.